ಆಪ್ಶನ್ ಆನ್ ಮಾಡಿದರೂ ಡ್ರೈವರ್ ಬರುತ್ತಿಲ್ಲವೇ? ಝೆಫಿರ್ ಬಿಲ್ಡ್ ಕಾನ್ಫಿಗರೇಶನ್‌ನ ದೋಷ ಹುಡುಕುವ ಬಗೆ

ಝೆಫಿರ್ ಅನ್ನುವುದು ಪುಟ್ಟ ಸಾಧನಗಳಿಗಾಗಿ ಇರುವ ಆಪರೇಟಿಂಗ್ ಸಿಸ್ಟಮ್. ಅದರಲ್ಲಿ ಕೆಲಸ ಮಾಡುವವರಿಂದ ಪದೇ ಪದೇ ಕೇಳಿಬರುವ ದೂರು ಇದು: "ಆಪ್ಶನ್ ಆನ್ ಮಾಡಿದ್ದೀನಿ, ಆದ್ರೂ ಡ್ರೈವರ್ ಬರ್ತಾ ಇಲ್ಲ." ಬೇಕಾದ ಆಪ್ಶನ್‌ಗಳನ್ನು ಬರೆಯುವ ಪಿಆರ್‌ಜೆ.ಕಾನ್ಫ್ ಫೈಲ್ ತೆರೆದು ತೋರಿಸುತ್ತಾರೆ. ಸಾಲು ಇದೆ, ಸ್ಪೆಲಿಂಗ್ ಸರಿ ಇದೆ. ಕೆಲವೊಮ್ಮೆ ಬಿಲ್ಡ್ ಕೂಡ ಸಲೀಸಾಗಿ ಮುಗಿದಿರುತ್ತದೆ. ಬೋರ್ಡ್‌ಗೆ ಹಾಕಿ ನೋಡಿದರೆ ಸೆನ್ಸರ್ ಮಾತ್ರ ಪತ್ತೆಯಿಲ್ಲ.

ಪಿಆರ್‌ಜೆ.ಕಾನ್ಫ್ ಅನ್ನುವುದು ನೀವು ಹಾಕಿದ ಅರ್ಜಿ ಮಾತ್ರ. ಮಂಜೂರಾತಿ ಆದೇಶ ಇರುವುದು ಬಿಲ್ಡ್ ಫೋಲ್ಡರಿನ ಒಳಗಿನ ಝೆಫಿರ್ ಫೋಲ್ಡರಿನಲ್ಲಿ, ಡಾಟ್ ಕಾನ್ಫಿಗ್ ಅನ್ನುವ ಫೈಲಿನಲ್ಲಿ. ಕಂಪೈಲರ್ ನೋಡುವುದು ಅದನ್ನೇ, ನಿಮ್ಮ ಅರ್ಜಿಯನ್ನಲ್ಲ. ಹಾಗಾಗಿ ಏನೇ ತೊಂದರೆ ಬಂದರೂ ಮೊದಲು ತೆರೆಯಬೇಕಾದ್ದು ಆ ಫೈಲ್. ಇದರ ಜೊತೆಗೇ ಅದೇ ಫೋಲ್ಡರಿನಲ್ಲಿ ಝೆಫಿರ್.ಡಿಟಿಎಸ್ ಅಂತ ಇನ್ನೊಂದು ಫೈಲ್ ಇರುತ್ತದೆ. ಅದು ಎಲ್ಲ ಓವರ್‌ಲೇಗಳೂ (ಬೋರ್ಡಿನ ವಿವರಕ್ಕೆ ನೀವು ಸೇರಿಸುವ ತಿದ್ದುಪಡಿ ಫೈಲುಗಳು) ಸೇರಿದ ಮೇಲಿನ ಕೊನೆಯ ಡಿವೈಸ್‌ಟ್ರೀ, ಅಂದರೆ ಬೋರ್ಡಿನ ಹಾರ್ಡ್‌ವೇರ್ ಪಟ್ಟಿ. ಈ ಎರಡು ಫೈಲ್ ನೋಡದೆ ಸುಮ್ನೆ ಪಿಆರ್‌ಜೆ.ಕಾನ್ಫ್‌ಗೆ ಸಾಲು ಮೇಲೆ ಸಾಲು ಸೇರಿಸುತ್ತಾ ಹೋದರೆ ಇಡೀ ದಿನ ಹಾಳಾಗುತ್ತದೆ.

ಒಂದು ಸೂಚನೆ. ಕಮಾಂಡ್, ಫೈಲ್, ಆಪ್ಶನ್ ಇವುಗಳ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಉದಾಹರಣೆಗೆ ಇಟ್ಟುಕೊಂಡ ಕೇಸ್

ಬೋರ್ಡ್: ನಾರ್ಡಿಕ್‌ನ ಎನ್‌ಆರ್‌ಎಫ್52840 ಡಿಕೆ. ಸೆನ್ಸರ್: ಬಾಷ್‌ನ ಬಿಎಂಇ280. ತಾಪಮಾನ, ಒತ್ತಡ, ತೇವಾಂಶ ಮೂರನ್ನೂ ಕೊಡುವ ಪುಟ್ಟ ಚಿಪ್. ಐ2ಸಿ ಅನ್ನುವ ಎರಡು ತಂತಿಯ ಬಸ್ ಮೂಲಕ ಜೋಡಿಸಿದ್ದೇವೆ. ಡೇಟಾ ತಂತಿ ಪಿ0.26ಕ್ಕೆ, ಕ್ಲಾಕ್ ತಂತಿ ಪಿ0.27ಕ್ಕೆ. ಚಿಪ್‌ನ ಎಸ್‌ಡಿಒ ಪಿನ್ ಗ್ರೌಂಡ್‌ಗೆ ಹೋಗಿದ್ದರೆ ವಿಳಾಸ ಹೆಕ್ಸ್ 76, ಪವರ್‌ಗೆ ಹೋಗಿದ್ದರೆ ಹೆಕ್ಸ್ 77.

ಝೆಫಿರ್‌ನಲ್ಲಿ ಇಂಥ ಒಂದು ಸೆನ್ಸರ್ ಓಡಬೇಕಾದರೆ ಎರಡು ಕಡೆಯಿಂದ ಒಪ್ಪಿಗೆ ಬೇಕು. "ಇಂಥ ಬಸ್ಸಿನಲ್ಲಿ, ಇಂಥ ವಿಳಾಸದಲ್ಲಿ, ಇಂಥ ಚಿಪ್ ಇದೆ" ಅಂತ ಡಿವೈಸ್‌ಟ್ರೀ ಹೇಳಬೇಕು. "ಆ ಚಿಪ್‌ನ ಡ್ರೈವರ್ ಕೋಡನ್ನು ಕಂಪೈಲ್ ಮಾಡು" ಅಂತ ಕೆಕಾನ್ಫಿಗ್, ಅಂದರೆ ಆಪ್ಶನ್‌ಗಳನ್ನು ನಿರ್ಧರಿಸುವ ವ್ಯವಸ್ಥೆ, ಹೇಳಬೇಕು. ಹೊಸಬರಿಗೆ ಗೊಂದಲ ಆಗುವುದು ಇಲ್ಲೇ, ಯಾಕೆಂದರೆ ಇವೆರಡೂ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಬಿಎಂಇ280 ಡ್ರೈವರಿನ ಆಪ್ಶನ್ ಡಿಫಾಲ್ಟ್ ಆಗಿ ಆನ್ ಇರುತ್ತದೆ, ಆದರೆ ಎರಡು ಷರತ್ತಿನ ಮೇಲೆ. ಒಂದು, ಕಾನ್ಫಿಗ್_ಸೆನ್ಸರ್ ಆನ್ ಇರಬೇಕು. ಇನ್ನೊಂದು, ಡಿವೈಸ್‌ಟ್ರೀಯಲ್ಲಿ ಆ ಚಿಪ್‌ನ ನೋಡ್ (ಅದರ ವಿವರದ ನಮೂದು) ಇದ್ದು, ಅದರ ಸ್ಟೇಟಸ್ ಓಕೆ ಇರಬೇಕು. ಈ ಎರಡನೆಯ ಷರತ್ತು ಡಿಟಿ_ಹ್ಯಾಸ್_ಬಾಷ್_ಬಿಎಂಇ280_ಎನೇಬಲ್ಡ್ ಅನ್ನುವ ಉದ್ದ ಹೆಸರಿನಲ್ಲಿ ಕೆಕಾನ್ಫಿಗ್ ಒಳಗೆ ಕಾಣಿಸಿಕೊಳ್ಳುತ್ತದೆ. ಅದನ್ನು ನೀವು ಆನ್ ಮಾಡಲು ಬರುವುದಿಲ್ಲ. ಡಿವೈಸ್‌ಟ್ರೀ ನೋಡಿ ಬಿಲ್ಡ್ ವ್ಯವಸ್ಥೆಯೇ ಅದನ್ನು ತುಂಬುತ್ತದೆ.

ಅಂದರೆ ಸರಿಯಾಗಿ ಮಾಡಿದರೆ ಪಿಆರ್‌ಜೆ.ಕಾನ್ಫ್‌ನಲ್ಲಿ ಒಂದೇ ಸಾಲು ಸಾಕು:

ಕಾನ್ಫಿಗ್_ಸೆನ್ಸರ್=ವೈ

ಐ2ಸಿಯನ್ನು ಬಿಎಂಇ280 ಆಪ್ಶನ್ನೇ ಎಳೆದುಕೊಂಡು ಬರುತ್ತದೆ. ಹಳೆಯ ಉದಾಹರಣೆಗಳನ್ನು ನೋಡಿ ಐದಾರು ಸಾಲು ಬರೆದಿದ್ದರೆ ತಪ್ಪೇನಿಲ್ಲ, ಆದರೆ ಅವು ತೊಂದರೆಯನ್ನು ಮುಚ್ಚಿಹಾಕುವ ಸಾಧ್ಯತೆಯೇ ಜಾಸ್ತಿ.

ಎರರ್ ಎಲ್ಲಿ ಬಂತು ಅನ್ನುವುದೇ ಅರ್ಧ ಉತ್ತರ

ಬಿಲ್ಡ್ ಶುರುವಾದಾಗ, ಅದನ್ನು ಸಿದ್ಧಪಡಿಸುವ ಸಿಮೇಕ್ ಟೂಲ್ ಮೊದಲು ಡಿವೈಸ್‌ಟ್ರೀ ಓದುತ್ತದೆ, ಆಮೇಲೆ ಕೆಕಾನ್ಫಿಗ್ ಓದುತ್ತದೆ. ಅದಾದ ಮೇಲೆ ಕಂಪೈಲ್, ಕೊನೆಗೆ ಲಿಂಕ್. ಎಲ್ಲಿ ನಿಂತಿತು ಅಂತ ನೋಡಿಕೊಂಡರೆ ಯಾವ ಕಡೆಗೆ ಕೈಹಾಕಬೇಕು ಅಂತ ಗೊತ್ತಾಗುತ್ತದೆ.

ಕೆಕಾನ್ಫಿಗ್ ಹಂತದಲ್ಲೇ "ಅಬಾರ್ಟಿಂಗ್ ಡ್ಯೂ ಟು ಕೆಕಾನ್ಫಿಗ್ ವಾರ್ನಿಂಗ್ಸ್" ಅಂತ ನಿಂತರೆ ಖುಷಿಪಡಿ. ಇದು ಸುಲಭದ ಜಾತಿ. ಆ ಸಾಲಿನ ಮೇಲೆಯೇ ಕಾರಣ ಇರುತ್ತದೆ. ಬಹುಪಾಲು ಸಲ "ಅಟೆಂಪ್ಟ್ ಟು ಅಸೈನ್ ದ ವ್ಯಾಲ್ಯೂ ವೈ ಟು ದ ಅನ್‌ಡಿಫೈನ್ಡ್ ಸಿಂಬಲ್" ಅಂತ ಬರೆದಿರುತ್ತದೆ. ನೀವು ಬರೆದ ಹೆಸರಿನ ಆಪ್ಶನ್ನೇ ಇಲ್ಲ ಅಂತ ಅರ್ಥ. ಸ್ಪೆಲಿಂಗ್ ತಪ್ಪಿರಬಹುದು. ಹಳೆಯ ಆವೃತ್ತಿಯಲ್ಲಿದ್ದ ಆಪ್ಶನ್ನನ್ನು ಹೊಸದರಲ್ಲಿ ತೆಗೆದುಹಾಕಿರಬಹುದು, ಇಲ್ಲವೇ ಹೆಸರು ಬದಲಿಸಿರಬಹುದು. ಎಲ್ಲಿಂದಲೋ ಕಾಪಿ ಮಾಡಿದ ಪಿಆರ್‌ಜೆ.ಕಾನ್ಫ್‌ನಲ್ಲಿ ಇದು ಮಾಮೂಲಿ.

ಒಂದೆರಡಲ್ಲ, ಎಲ್ಲ ಆಪ್ಶನ್‌ಗಳೂ ಅನ್‌ಡಿಫೈನ್ಡ್ ಅಂತ ಬರುತ್ತಿವೆಯೇ? ಹಾಗಾದರೆ ನಿಮ್ಮ ಆಪ್‌ನಲ್ಲಿ ಸ್ವಂತದ ಕೆಕಾನ್ಫಿಗ್ ಫೈಲ್ ಇದೆಯಾ ನೋಡಿ. ಅಂಥ ಫೈಲ್ ಇಟ್ಟರೆ ಅದೇ ಮೂಲ ಫೈಲ್ ಆಗಿಬಿಡುತ್ತದೆ. ಅದರೊಳಗೆ ಸೋರ್ಸ್ "ಕೆಕಾನ್ಫಿಗ್.ಝೆಫಿರ್" ಅನ್ನುವ ಸಾಲು ಇಲ್ಲದಿದ್ದರೆ ಝೆಫಿರ್‌ನ ಒಂದು ಆಪ್ಶನ್ನೂ ಅದಕ್ಕೆ ಗೊತ್ತಿರುವುದಿಲ್ಲ. ಅದೇ ಫೈಲಿನಲ್ಲಿ ಇನ್ನೊಂದು ಸಣ್ಣ ಗುಂಡಿ ಇದೆ. ಕೆಕಾನ್ಫಿಗ್ ಫೈಲಿನಲ್ಲಿ ಹೊಸ ಆಪ್ಶನ್ ಬರೆಯುವಾಗ ಮುಂದೆ "ಕಾನ್ಫಿಗ್_" ಅಂತ ಅಂಟಿಸಬಾರದು. ಪಿಆರ್‌ಜೆ.ಕಾನ್ಫ್‌ನಲ್ಲಿ ಮತ್ತು ಸಿ ಕೋಡಿನಲ್ಲಿ ಅಂಟಿಸಲೇಬೇಕು.

"ನಾಟ್ ಡೈರೆಕ್ಟ್ಲಿ ಯೂಸರ್ ಕಾನ್ಫಿಗರಬಲ್" ಅಂತ ಬೈದರೆ ಆ ಆಪ್ಶನ್‌ಗೆ ಪ್ರಾಂಪ್ಟ್ ಇಲ್ಲ ಅಂತ. ಬೇರೆ ಆಪ್ಶನ್‌ಗಳು ಅದನ್ನು ಆನ್ ಮಾಡಬೇಕೇ ಹೊರತು ನೀವಲ್ಲ. ಮೇಲೆ ಹೇಳಿದ ಡಿಟಿ_ಹ್ಯಾಸ್ ಜಾತಿಯವೆಲ್ಲ ಹೀಗೆಯೇ.

ಫೈಲ್ ಬರೆಯುವ ರೀತಿಯಲ್ಲೂ ಕೆಲವು ನಿಯಮಗಳಿವೆ. ಈಕ್ವಲ್ ಗುರುತಿನ ಎರಡೂ ಬದಿ ಜಾಗ ಬಿಡುವಂತಿಲ್ಲ. ಅಕ್ಷರಗಳ ಬೆಲೆ ಕೊಡುವಾಗ ಡಬಲ್ ಕೋಟ್ ಬೇಕು. ಇನ್ನೊಂದು ತಮಾಷೆ ನೋಡಿ. ಹ್ಯಾಶ್ ಗುರುತಿನಿಂದ ಶುರುವಾಗುವ ಸಾಲು ಕಾಮೆಂಟ್ ಅಂತ ನಾವೆಲ್ಲ ತಿಳಿದಿರುತ್ತೇವೆ. ಆದರೆ "ಹ್ಯಾಶ್ ಕಾನ್ಫಿಗ್_ಸೆನ್ಸರ್ ಈಸ್ ನಾಟ್ ಸೆಟ್" ಅನ್ನುವ ಸಾಲನ್ನು ಕೆಕಾನ್ಫಿಗ್ ಕಾಮೆಂಟ್ ಅಂತ ಬಿಡುವುದಿಲ್ಲ. ಆಪ್ಶನ್ನನ್ನು ಆಫ್ ಮಾಡುವ ಆಜ್ಞೆ ಅಂತಲೇ ಓದುತ್ತದೆ. ಡಾಟ್ ಕಾನ್ಫಿಗ್‌ನಿಂದ ಸಾಲುಗಳನ್ನು ಎತ್ತಿ ಪಿಆರ್‌ಜೆ.ಕಾನ್ಫ್‌ಗೆ ಅಂಟಿಸುವವರು ಇದನ್ನು ಗಮನದಲ್ಲಿಡಿ. ಒಂದೇ ಆಪ್ಶನ್ ಎರಡು ಸಲ ಬಂದರೆ ಕೊನೆಯದಕ್ಕೇ ಬೆಲೆ.

ಬಿಲ್ಡ್ ನಿಲ್ಲಿಸದ ವಾರ್ನಿಂಗ್

ನಿಜವಾಗಿ ತಲೆ ತಿನ್ನುವುದು ಇದು. ಹೆಸರು ಸರಿ ಇದೆ, ಆಪ್ಶನ್ ಇದೆ, ಆದರೆ ಅದರ ಷರತ್ತು ಪೂರೈಸಿಲ್ಲ. ಆಗ ಝೆಫಿರ್ ಹೀಗೆ ಹೇಳುತ್ತದೆ: ಬಿಎಂಇ280ಕ್ಕೆ ವೈ ಅಂತ ಕೊಟ್ಟಿದ್ದೀರಿ, ಆದರೆ ಸಿಕ್ಕಿದ್ದು ಎನ್. ಪೂರೈಸದ ಈ ಷರತ್ತುಗಳನ್ನು ನೋಡಿ. ಕೆಳಗೆ ಷರತ್ತಿನ ಹೆಸರು, ಪಕ್ಕದಲ್ಲಿ ಬ್ರಾಕೆಟ್ಟಿನಲ್ಲಿ ಈಕ್ವಲ್ ಎನ್. ಆಪ್ಶನ್ ಯಾವ ಫೈಲಿನ ಎಷ್ಟನೇ ಸಾಲಿನಲ್ಲಿದೆ ಅನ್ನುವುದನ್ನೂ ಕೊಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಬಿಲ್ಡ್ ನಿಲ್ಲುವುದಿಲ್ಲ! ಇಲ್ಲದ ಹೆಸರು ಬರೆದರೆ ನಿಲ್ಲಿಸುವ ವ್ಯವಸ್ಥೆ, ಇರುವ ಹೆಸರಿಗೆ ಷರತ್ತು ಸಾಲದಿದ್ದರೆ ಎಚ್ಚರಿಸಿ ಮುಂದೆ ಹೋಗುತ್ತದೆ. ಹಿಂದೆಯೇ ನೂರಾರು ಫೈಲ್ ಕಂಪೈಲ್ ಆಗುವ ಸಾಲುಗಳು ಬರುತ್ತವೆ. ವಾರ್ನಿಂಗ್ ಮೇಲಕ್ಕೆ ಹೋಗಿ ಮಾಯ.

ಇನ್ನೂ ಒಂದು ಮಾತಿದೆ. ಎರಡನೇ ಸಲ ಬಿಲ್ಡ್ ಮಾಡಿದಾಗ ಆ ವಾರ್ನಿಂಗ್ ಬರುವುದೇ ಇಲ್ಲ. ಯಾಕೆಂದರೆ ನೀವು ಕೈಯಾರೆ ಬರೆದ ಫೈಲುಗಳು ಬದಲಾಗಿಲ್ಲದಿದ್ದರೆ ವ್ಯವಸ್ಥೆ ಅವನ್ನು ಮತ್ತೆ ಸೇರಿಸಿ ನೋಡುವುದಿಲ್ಲ. ಆಗಲೇ ಇರುವ ಡಾಟ್ ಕಾನ್ಫಿಗ್ಗನ್ನೇ ಬಳಸುತ್ತದೆ. ಅಂದರೆ ಮೊದಲ ಸಲ ಕಣ್ತಪ್ಪಿದರೆ, ಆಮೇಲೆ ಎಷ್ಟು ಸಲ ಮಾಡಿದರೂ ಔಟ್‌ಪುಟ್ ಕ್ಲೀನ್ ಆಗಿ ಕಾಣುತ್ತದೆ. ಹಾಗಾಗಿ ತನಿಖೆ ಶುರು ಮಾಡುವಾಗ ಝೆಫಿರ್‌ನ ಕಮಾಂಡ್ ಟೂಲ್ ಆದ ವೆಸ್ಟ್‌ನಿಂದ ಒಮ್ಮೆ ಹೊಸದಾಗಿಯೇ ಬಿಲ್ಡ್ (ಇದೇ ಪ್ರಿಸ್ಟೀನ್ ಬಿಲ್ಡ್) ಮಾಡಿ, ಔಟ್‌ಪುಟ್ಟನ್ನು ಒಂದು ಫೈಲಿಗೆ ಹಾಕಿಕೊಳ್ಳಿ:

ವೆಸ್ಟ್ ಬಿಲ್ಡ್ -ಪಿ ಆಲ್‌ವೇಸ್ -ಬಿ ಎನ್‌ಆರ್‌ಎಫ್52840ಡಿಕೆ/ಎನ್‌ಆರ್‌ಎಫ್52840

ಆ ಫೈಲಿನ ಮೊದಲ ನೂರು ಸಾಲು ಓದಿದರೆ ಸಾಕು. "ಫೌಂಡ್ ಡಿವೈಸ್‌ಟ್ರೀ ಓವರ್‌ಲೇ" ಅಂತ ಒಂದು ಸಾಲು ಇರಬೇಕು. "ಲೋಡೆಡ್ ಕಾನ್ಫಿಗರೇಶನ್" ಅಂತ ಒಂದು ಸಾಲು, ಅದು ಬೋರ್ಡಿನ ಡೆಫ್‌ಕಾನ್ಫಿಗ್ (ಬೋರ್ಡಿನ ಡಿಫಾಲ್ಟ್ ಆಪ್ಶನ್‌ಗಳ ಫೈಲ್). ಅದರ ಕೆಳಗೆ "ಮರ್ಜ್ಡ್ ಕಾನ್ಫಿಗರೇಶನ್" ಅಂತ ನಿಮ್ಮ ಪಿಆರ್‌ಜೆ.ಕಾನ್ಫ್ ಮತ್ತು ಬೇರೆ ಏನಾದರೂ ಇದ್ದರೆ ಅವೂ. ನಿಮ್ಮ ಫೈಲಿನ ಹೆಸರು ಈ ಪಟ್ಟಿಯಲ್ಲಿ ಇಲ್ಲದಿದ್ದರೆ, ಅದರೊಳಗೆ ಏನು ಬರೆದಿದ್ದೀರಿ ಅನ್ನುವ ಚರ್ಚೆಯೇ ಬೇಡ. ಯಾರೂ ಅದನ್ನು ಓದಿಲ್ಲ.

ಲಿನಕ್ಸ್ ಕರ್ನಲ್‌ನ 2.5 ಸರಣಿಯಲ್ಲಿ, 2002ರಲ್ಲಿ, ಕೆಕಾನ್ಫಿಗ್ ಬಂತು. ಝೆಫಿರ್ ಭಾಷೆಯನ್ನು ಅಲ್ಲಿಂದ ತಂದಿತು, ಆದರೆ ಓದುವ ಕೆಲಸವನ್ನು ಪೈಥಾನ್‌ನಲ್ಲಿ ಬರೆದ ಕೆಕಾನ್ಫಿಗ್‌ಲಿಬ್‌ಗೆ ಕೊಟ್ಟಿತು. ರೂಟರ್‌ಗಳ ಸಿಸ್ಟಮ್ ಆದ ಓಪನ್‌ಡಬ್ಲ್ಯುಆರ್‌ಟಿ ಬಳಸಿದವರಿಗೆ ಗೊತ್ತಿರುತ್ತದೆ: ಅಲ್ಲಿ ಷರತ್ತು ಸಾಲದ ಆಪ್ಶನ್ನನ್ನು ಮೇಕ್ ಡೆಫ್‌ಕಾನ್ಫಿಗ್ ಕಮಾಂಡ್ ಒಂದು ಮಾತೂ ಹೇಳದೆ ಕಿತ್ತುಹಾಕುತ್ತದೆ. ಅದಕ್ಕೆ ಹೋಲಿಸಿದರೆ ಝೆಫಿರ್ ಒಳ್ಳೆಯದೇ, ಒಮ್ಮೆಯಾದರೂ ಹೇಳುತ್ತದೆ.

ಓವರ್‌ಲೇ ಯಾಕೆ ಕಣ್ಣಿಗೆ ಬೀಳಲಿಲ್ಲ

ಷರತ್ತಿನ ಹೆಸರು ಡಿಟಿ_ಹ್ಯಾಸ್ ಅಂತ ಶುರುವಾಗಿದ್ದರೆ ಕೆಕಾನ್ಫಿಗ್ ಕಡೆ ನೋಡುವುದನ್ನು ನಿಲ್ಲಿಸಿ. ತಪ್ಪು ಡಿವೈಸ್‌ಟ್ರೀಯಲ್ಲಿದೆ. ಝೆಫಿರ್.ಡಿಟಿಎಸ್ ತೆರೆದು ಬಿಎಂಇ280 ಅಂತ ಹುಡುಕಿ. ಸಿಗದಿದ್ದರೆ ಓವರ್‌ಲೇ ಸೇರಿಲ್ಲ.

ಕಾರಣ ಬಹುಮಟ್ಟಿಗೆ ಫೈಲಿನ ಹೆಸರು. 2024ರ ಜುಲೈನಲ್ಲಿ ಬಂದ 3.7 ಆವೃತ್ತಿಯಲ್ಲಿ ಬೋರ್ಡುಗಳನ್ನು ಹೆಸರಿಸುವ ಪದ್ಧತಿಯೇ ಬದಲಾಯಿತು. ಮೊದಲು ಬೋರ್ಡ್ ಮತ್ತು ಚಿಪ್‌ನ ಹೆಸರಿನ ನಡುವೆ ಅಂಡರ್‌ಸ್ಕೋರ್ ಇತ್ತು. ಈಗ ಕಮಾಂಡ್‌ನಲ್ಲಿ ಸ್ಲ್ಯಾಶ್. ಆದರೆ ಫೈಲಿನ ಹೆಸರಿನಲ್ಲಿ ಸ್ಲ್ಯಾಶ್ ಇಡಲು ಬರುವುದಿಲ್ಲವಲ್ಲ, ಹಾಗಾಗಿ ಬೋರ್ಡ್ಸ್ ಫೋಲ್ಡರಿನಲ್ಲಿ ಇಡುವ ಓವರ್‌ಲೇ ಮತ್ತು ಕಾನ್ಫ್ ಫೈಲುಗಳಿಗೆ ಅಂಡರ್‌ಸ್ಕೋರೇ ಇದೆ. ಇದರಲ್ಲಿ ಒಂದಕ್ಷರ ತಪ್ಪಿದರೂ ವ್ಯವಸ್ಥೆ ದೂರುವುದಿಲ್ಲ. ಅಂಥ ಫೈಲ್ ಇಲ್ಲ ಅಂದುಕೊಂಡು ಮುಂದೆ ಹೋಗುತ್ತದೆ.

ಇನ್ನೊಂದು ಕಾರಣ ಕೇಳಿದರೆ ಆಶ್ಚರ್ಯ ಆಗಬಹುದು. ಆಪ್‌ನ ಫೋಲ್ಡರಿನಲ್ಲಿ ಆಪ್.ಓವರ್‌ಲೇ ಅಂತ ಒಂದು ಫೈಲ್, ಬೋರ್ಡ್ಸ್ ಫೋಲ್ಡರಿನಲ್ಲಿ ನಿಮ್ಮ ಬೋರ್ಡಿನ ಹೆಸರಿನ ಓವರ್‌ಲೇ ಇನ್ನೊಂದು, ಹೀಗೆ ಎರಡೂ ಇದ್ದರೆ ಎರಡೂ ಸೇರುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲ. ಬೋರ್ಡಿನದು ಸಿಕ್ಕ ಕೂಡಲೇ ಹುಡುಕಾಟ ನಿಲ್ಲುತ್ತದೆ. ಆಪ್.ಓವರ್‌ಲೇ ಓದುವುದಿಲ್ಲ. ಕಾನ್ಫ್ ಫೈಲುಗಳ ನಿಯಮ ಇದಕ್ಕೆ ಉಲ್ಟಾ: ಪಿಆರ್‌ಜೆ.ಕಾನ್ಫ್ ಮತ್ತು ಬೋರ್ಡ್ಸ್ ಫೋಲ್ಡರಿನ ಕಾನ್ಫ್ ಎರಡೂ ಸೇರುತ್ತವೆ. ಒಂದೇ ಪ್ರಾಜೆಕ್ಟಿನಲ್ಲಿ ಎರಡು ನಿಯಮ ಯಾಕಿಟ್ಟರೋ, ನನಗಂತೂ ಇದು ಹಿಡಿಸಿಲ್ಲ. ಆದರೆ ಇರುವುದು ಹಾಗೆಯೇ.

ಕಮಾಂಡ್ ಸಾಲಿನಲ್ಲಿ ಕೊಡುವವರಿಗೂ ಇಂಥದೇ ಒಂದು ಗುಂಡಿ. ಕಾನ್ಫ್_ಫೈಲ್ ಅಂತ ಕೊಟ್ಟರೆ ಪಿಆರ್‌ಜೆ.ಕಾನ್ಫ್ ಬದಲಿಗೆ ಅದನ್ನು ಓದುತ್ತದೆ, ಜೊತೆಗೆ ಅಲ್ಲ. ಜೊತೆಗೆ ಸೇರಬೇಕಾದರೆ ಎಕ್ಸ್‌ಟ್ರಾ_ಕಾನ್ಫ್_ಫೈಲ್ ಬಳಸಿ. ಓವರ್‌ಲೇಗೂ ಹಾಗೆಯೇ, ಡಿಟಿಸಿ_ಓವರ್‌ಲೇ_ಫೈಲ್ ಅನ್ನುವುದು ಬದಲಿ, ಮುಂದೆ ಎಕ್ಸ್‌ಟ್ರಾ ಇರುವುದು ಸೇರ್ಪಡೆ.

ನೋಡ್ ಝೆಫಿರ್.ಡಿಟಿಎಸ್‌ನಲ್ಲಿ ಇದೆ, ಆದರೂ ಡ್ರೈವರ್ ಇಲ್ಲ ಅಂದರೆ ಅದರ ತಾಯಿ ನೋಡನ್ನು, ಅಂದರೆ ಐ2ಸಿ ಕಂಟ್ರೋಲರಿನ ಸ್ಟೇಟಸ್ಸನ್ನು ನೋಡಿ. ನಮ್ಮ ಡಿಕೆ ಬೋರ್ಡಿನಲ್ಲಿ ಆರ್ಡುಯಿನೋ_ಐ2ಸಿ ಅನ್ನುವ ಲೇಬಲ್ ಐ2ಸಿ0ಗೆ ಹೋಗುತ್ತದೆ, ಅದು ಮೊದಲೇ ಓಕೆ ಇದೆ. ಬೇರೆ ಎಷ್ಟೋ ಬೋರ್ಡುಗಳಲ್ಲಿ ಡಿಸೇಬಲ್ಡ್ ಇರುತ್ತದೆ. ಅಂಥ ಸಂದರ್ಭದಲ್ಲಿ ಸಿಮೇಕ್ "ನೋ ಸೋರ್ಸಸ್ ಗಿವನ್ ಟು ಝೆಫಿರ್ ಲೈಬ್ರರಿ: ಡ್ರೈವರ್ಸ್__ಐ2ಸಿ" ಅಂತ ಒಂದು ವಾರ್ನಿಂಗ್ ಕೊಡಬಹುದು. ಐ2ಸಿ ಬೇಕು ಅಂದಿದ್ದೀರಿ, ಆದರೆ ಕಂಪೈಲ್ ಮಾಡಲು ಒಂದು ಕಂಟ್ರೋಲರ್ ಡ್ರೈವರೂ ಸಿಗಲಿಲ್ಲ ಅಂತ ಅದರ ಅರ್ಥ. ಇದನ್ನು ಕಸ ಅಂತ ಬಿಡಬೇಡಿ.

ನಾರ್ಡಿಕ್ ಚಿಪ್‌ನಲ್ಲಿ ಐ2ಸಿ0 ಮತ್ತು ಎಸ್‌ಪಿಐ0 (ಇನ್ನೊಂದು ಬಗೆಯ ಬಸ್) ಒಂದೇ ಹಾರ್ಡ್‌ವೇರ್ ಜಾಗವನ್ನು ಹಂಚಿಕೊಂಡಿವೆ. ಎರಡನ್ನೂ ಒಟ್ಟಿಗೆ ಓಕೆ ಮಾಡುವಂತಿಲ್ಲ. ಎಸ್‌ಪಿಐ ಡಿಸ್‌ಪ್ಲೇ ಒಂದನ್ನು ಜೋಡಿಸಲು ಹೋಗಿ ಸೆನ್ಸರ್ ಕಳೆದುಕೊಂಡವರು ಇದನ್ನು ಮೊದಲು ನೋಡಿ. ಎಸ್‌ಪಿಐಯನ್ನು ಬೇರೆ ನಂಬರಿಗೆ ಸರಿಸಿದರೆ ಮುಗಿಯಿತು.

ಲಿಂಕರ್ ಬೈದಾಗ

ಈಗ ಎಲ್ಲರಿಗೂ ಪರಿಚಯದ ಆ ಎರರ್‌ಗೆ ಬರೋಣ:

ಅನ್‌ಡಿಫೈನ್ಡ್ ರೆಫರೆನ್ಸ್ ಟು __ಡಿವೈಸ್_ಡಿಟಿಎಸ್_ಆರ್ಡ್_78

ಕೊನೆಯ ಸಂಖ್ಯೆ ನಿಮ್ಮಲ್ಲಿ ಬೇರೆ ಇರುತ್ತದೆ. ಆದರೆ ಅಲ್ಲಿ ಸಂಖ್ಯೆ ಇದೆ ಅನ್ನುವುದೇ ದೊಡ್ಡ ಸುಳಿವು. ಡಿವೈಸ್‌ಟ್ರೀಯ ಪ್ರತಿ ನೋಡ್‌ಗೂ ಝೆಫಿರ್ ಒಂದು ಕ್ರಮಸಂಖ್ಯೆ ಕೊಡುತ್ತದೆ. ಸಂಖ್ಯೆ ಬಂದಿದೆ ಅಂದರೆ ನೋಡ್ ಇದೆ, ಕೋಡ್ ಅದನ್ನು ಸರಿಯಾಗಿ ಹಿಡಿದಿದೆ. ಆದರೆ ಆ ನೋಡ್‌ಗಾಗಿ ಡಿವೈಸ್ ಒಂದನ್ನು ಸೃಷ್ಟಿಸುವ ಡ್ರೈವರ್ ಬಿಲ್ಡ್‌ನಲ್ಲಿ ಇಲ್ಲ.

ಇದರ ಬದಲು ಕಂಪೈಲ್ ಹಂತದಲ್ಲೇ, ಸಂಖ್ಯೆಯ ಜಾಗದಲ್ಲಿ ಡಿಟಿ_ಎನ್_ನೋಡ್‌ಲೇಬಲ್ ಅಥವಾ ಡಿಟಿ_ಎನ್_ಅಲಿಯಾಸ್ ಅಂತ ಉದ್ದುದ್ದ ಹೆಸರು ಬಂದು "ಅನ್‌ಡಿಕ್ಲೇರ್ಡ್" ಅಂದರೆ ಕಥೆ ಬೇರೆ. ಕೋಡ್ ಕೇಳುತ್ತಿರುವ ನೋಡೇ ಇಲ್ಲ. ಲೇಬಲ್ ತಪ್ಪಿದೆ, ಇಲ್ಲವೇ ಓವರ್‌ಲೇ ಸೇರಿಲ್ಲ. ಈ ಎರಡು ಎರರ್‌ಗಳನ್ನು ಒಂದೇ ಅಂತ ತಿಳಿದು ತಪ್ಪು ಕಡೆ ಹುಡುಕುವವರೇ ಜಾಸ್ತಿ.

ಸಂಖ್ಯೆ ಬಂದಾಗ ಮಾಡಬೇಕಾದ್ದು ಇಷ್ಟು. ಬಿಲ್ಡ್ ಫೋಲ್ಡರಿನ ಝೆಫಿರ್ ಒಳಗೆ, ಇನ್‌ಕ್ಲೂಡ್ ಅಡಿಯ ಜನರೇಟೆಡ್ ಫೋಲ್ಡರಿನಲ್ಲಿ ಡಿವೈಸ್‌ಟ್ರೀ_ಜನರೇಟೆಡ್.ಎಚ್ ಅನ್ನುವ ಫೈಲ್ ಇದೆ. ಹೊಸ ಆವೃತ್ತಿಗಳಲ್ಲಿ ಅದು ಇನ್ನೊಂದು ಫೋಲ್ಡರ್ ಒಳಗೆ ಹೋಗಿರುತ್ತದೆ, ಹೆಸರಿನಿಂದ ಹುಡುಕಿದರೆ ಸಿಗುತ್ತದೆ. ಒಳಗಿನ ಮ್ಯಾಕ್ರೋಗಳನ್ನು ನೋಡಿ ಹೆದರಬೇಡಿ. ಫೈಲಿನ ಆರಂಭದಲ್ಲೇ ಒಂದು ಕಾಮೆಂಟ್ ಇರುತ್ತದೆ, ಅದರಲ್ಲಿ ಕ್ರಮಸಂಖ್ಯೆ, ಪಕ್ಕದಲ್ಲಿ ನೋಡ್‌ನ ದಾರಿ, ಹೀಗೆ ಪಟ್ಟಿ. 78ರ ಎದುರು ಏನಿದೆ ಅಂತ ನೋಡಿ. ಐ2ಸಿ ವಿಳಾಸದ ಕೆಳಗೆ ಬಿಎಂಇ280 ಅಂತ ಇದ್ದರೆ, ಸೆನ್ಸರಿನ ಡ್ರೈವರ್ ಬಂದಿಲ್ಲ. ಐ2ಸಿ ಕಂಟ್ರೋಲರಿನ ದಾರಿಯೇ ಇದ್ದರೆ, ಬಸ್ಸಿನ ಡ್ರೈವರ್ರೇ ಬಂದಿಲ್ಲ. ಇದನ್ನು ನೋಡದೆ ಊಹೆ ಮಾಡುವುದರಲ್ಲಿ ಅರ್ಥವಿಲ್ಲ.

ಇನ್ನು ಡಾಟ್ ಕಾನ್ಫಿಗ್‌ನಲ್ಲಿ ಕಾನ್ಫಿಗ್_ಬಿಎಂಇ280 ಹುಡುಕಿ. ಆ ಹೆಸರೇ ಇಲ್ಲದಿದ್ದರೆ ಅದರ ಮೇಲಿನ ಮೆನುವೇ ಮುಚ್ಚಿದೆ, ಇಲ್ಲವೇ ಡಿವೈಸ್‌ಟ್ರೀಯಲ್ಲಿ ನೋಡ್‌ನ ಸ್ಟೇಟಸ್ ಓಕೆ ಇಲ್ಲ. ನಮ್ಮ ಕೇಸಿನಲ್ಲಿ ಆ ಮೆನು ಕಾನ್ಫಿಗ್_ಸೆನ್ಸರ್. "ಈಸ್ ನಾಟ್ ಸೆಟ್" ಅಂತ ಇದ್ದರೆ ಮೆನು ತೆರೆದಿದೆ, ಯಾರೋ ಬೇಕಂತಲೇ ಆಫ್ ಮಾಡಿದ್ದಾರೆ. ಬೋರ್ಡಿನ ಡೆಫ್‌ಕಾನ್ಫಿಗ್ಗೋ, ನಿಮ್ಮದೇ ಇನ್ನೊಂದು ಕಾನ್ಫ್ ಫೈಲೋ ಇರಬೇಕು. ವೈ ಅಂತ ಇದ್ದೂ ಲಿಂಕರ್ ಬೈಯುತ್ತಿದ್ದರೆ ಝೆಫಿರ್.ಡಿಟಿಎಸ್‌ನಲ್ಲಿ ಆ ನೋಡ್‌ನ ಸ್ಟೇಟಸ್ ಡಿಸೇಬಲ್ಡ್ ಇದೆಯಾ ನೋಡಿ. ಡಿಸೇಬಲ್ಡ್ ನೋಡ್‌ಗೂ ಕ್ರಮಸಂಖ್ಯೆ ಇರುತ್ತದೆ, ಡಿವೈಸ್ ಮಾತ್ರ ಇರುವುದಿಲ್ಲ. ಅದೇ ಬಗೆಯ ಇನ್ನೊಂದು ಸೆನ್ಸರ್ ಓಕೆ ಇದ್ದು ಡ್ರೈವರ್ ಬಂದಿದ್ದರೆ ಹೀಗಾಗುತ್ತದೆ.

ಮೆನುಕಾನ್ಫಿಗ್

ಆಪ್ಶನ್ ಯಾಕೆ ಆನ್ ಆಗುತ್ತಿಲ್ಲ ಅಂತ ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ವೆಸ್ಟ್ ಬಿಲ್ಡ್ -ಟಿ ಮೆನುಕಾನ್ಫಿಗ್ ಅಂತ ಕೊಡಿ. ಸ್ಲ್ಯಾಶ್ ಒತ್ತಿ ಹೆಸರು ಟೈಪ್ ಮಾಡಿ, ಸಿಕ್ಕ ಆಪ್ಶನ್ ಮೇಲೆ ನಿಂತು ಪ್ರಶ್ನೆ ಗುರುತು ಒತ್ತಿ. ಅದರ ಷರತ್ತುಗಳೇನು, ಪ್ರತಿ ಷರತ್ತು ಈಗ ವೈ ಇದೆಯೋ ಎನ್ ಇದೆಯೋ, ಬೇರೆ ಯಾವ ಆಪ್ಶನ್ ಇದನ್ನು ಸೆಲೆಕ್ಟ್ ಮಾಡುತ್ತದೆ (ಅಂದರೆ ತಾನೇ ಆನ್ ಮಾಡುತ್ತದೆ), ಎಲ್ಲವೂ ಒಂದೇ ಪರದೆಯಲ್ಲಿ ಬರುತ್ತದೆ. ಆಫ್ ಮಾಡಲು ಹೋದರೆ ಆಗದ ಆಪ್ಶನ್‌ಗೂ ಇಲ್ಲೇ ಉತ್ತರ: ಬೇರೆ ಯಾರೋ ಸೆಲೆಕ್ಟ್ ಮಾಡಿರುತ್ತಾರೆ. ಅವರು ಇರುವವರೆಗೆ ಇದು ಆಫ್ ಆಗುವುದಿಲ್ಲ.

ಇಲ್ಲಿ ಮಾಡಿದ ಬದಲಾವಣೆ ಹೋಗುವುದು ಡಾಟ್ ಕಾನ್ಫಿಗ್‌ಗೆ. ಪಿಆರ್‌ಜೆ.ಕಾನ್ಫ್‌ಗೆ ಅಲ್ಲ. ಹಾಗಾಗಿ ಪ್ರಿಸ್ಟೀನ್ ಬಿಲ್ಡ್ ಮಾಡಿದರೆ, ಅಥವಾ ಪಿಆರ್‌ಜೆ.ಕಾನ್ಫ್‌ನಲ್ಲಿ ಏನಾದರೂ ಮುಟ್ಟಿದರೆ, ಮೆನುವಿನಲ್ಲಿ ಮಾಡಿದ್ದೆಲ್ಲ ಹೋಯಿತು. "ನಿನ್ನೆ ಕೆಲಸ ಮಾಡ್ತಿತ್ತು, ಇವತ್ತು ಇಲ್ಲ", "ನನ್ನ ಮಷೀನಲ್ಲಿ ಸರಿ ಇದೆ, ಸರ್ವರಲ್ಲಿ ಫೇಲ್" ಅನ್ನುವ ಕೇಸುಗಳಲ್ಲಿ ಇದೊಂದು ಹಳೆಯ ಗಿರಾಕಿ. ಮೆನುವಿನಲ್ಲಿ ಪ್ರಯೋಗ ಮಾಡಿ, ಸರಿ ಅನ್ನಿಸಿದ್ದನ್ನು ಕೈಯಾರೆ ಪಿಆರ್‌ಜೆ.ಕಾನ್ಫ್‌ಗೆ ಬರೆಯಿರಿ. ಕ್ಯಾಪಿಟಲ್ ಡಿ ಒತ್ತಿದರೆ ಡಿಫಾಲ್ಟ್‌ಗಿಂತ ಬೇರೆ ಇರುವ ಆಪ್ಶನ್‌ಗಳನ್ನಷ್ಟೇ ಒಂದು ಫೈಲಿಗೆ ಹಾಕಿಕೊಡುತ್ತದೆ. ಅದರಿಂದ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಇಡೀ ಡಾಟ್ ಕಾನ್ಫಿಗ್ಗನ್ನು ಪಿಆರ್‌ಜೆ.ಕಾನ್ಫ್ ಅಂತ ಕಾಪಿ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಮುಂದಿನ ಆವೃತ್ತಿಗೆ ಹೋಗುವ ದಿನ ಪಶ್ಚಾತ್ತಾಪ ಪಡುತ್ತೀರಿ.

ಕಮಾಂಡ್ ಸಾಲಿನಲ್ಲಿ -ಡಿಕಾನ್ಫಿಗ್_ ಅಂತ ಕೊಟ್ಟ ಬೆಲೆಗಳು ಸಿಮೇಕ್‌ನ ನೆನಪಿನಲ್ಲಿ ಉಳಿಯುತ್ತವೆ ಮತ್ತು ಪಿಆರ್‌ಜೆ.ಕಾನ್ಫ್‌ಗಿಂತ ಅವುಗಳ ಮಾತೇ ನಡೆಯುತ್ತದೆ. ಒಮ್ಮೆ ಪರೀಕ್ಷೆಗೆ ಅಂತ ಕೊಟ್ಟು ಮರೆತರೆ, ಆಮೇಲೆ ಪಿಆರ್‌ಜೆ.ಕಾನ್ಫ್‌ನಲ್ಲಿ ಏನು ಬರೆದರೂ ಆ ಆಪ್ಶನ್ ಕದಲುವುದಿಲ್ಲ. ಪ್ರಿಸ್ಟೀನ್ ಮಾಡಿದರೆ ಹೋಗುತ್ತದೆ.

ಬೂಟ್‌ಲೋಡರ್ ಜೊತೆಗಿದ್ದರೆ

ಹಲವು ಇಮೇಜ್‌ಗಳನ್ನು ಒಟ್ಟಿಗೆ ಬಿಲ್ಡ್ ಮಾಡುವ ಸಿಸ್‌ಬಿಲ್ಡ್ ಬಳಸುತ್ತಿದ್ದರೆ ಒಂದು ಬಿಲ್ಡ್‌ನಲ್ಲಿ ಎರಡು ಇಮೇಜ್ ಇರುತ್ತವೆ: ನಿಮ್ಮ ಆಪ್ ಮತ್ತು ಎಂಸಿಯುಬೂಟ್ ಅನ್ನುವ ಬೂಟ್‌ಲೋಡರ್. ಎರಡಕ್ಕೂ ಬೇರೆ ಬೇರೆ ಡಾಟ್ ಕಾನ್ಫಿಗ್. ಬಿಲ್ಡ್ ಫೋಲ್ಡರಿನಲ್ಲಿ ಆಪ್‌ನ ಹೆಸರಿನದೊಂದು, ಎಂಸಿಯುಬೂಟ್ ಹೆಸರಿನದೊಂದು ಫೋಲ್ಡರ್ ಇರುತ್ತದೆ. ನೀವು ಪಿಆರ್‌ಜೆ.ಕಾನ್ಫ್‌ನಲ್ಲಿ ಬರೆದದ್ದು ಬೂಟ್‌ಲೋಡರಿಗೆ ತಟ್ಟುವುದಿಲ್ಲ. ಅದಕ್ಕೆ ಆಪ್ ಒಳಗೆ ಸಿಸ್‌ಬಿಲ್ಡ್ ಅನ್ನುವ ಫೋಲ್ಡರ್ ಮಾಡಿ ಎಂಸಿಯುಬೂಟ್.ಕಾನ್ಫ್ ಇಡಬೇಕು. ಸೀರಿಯಲ್ ಲಾಗ್ ಆಫ್ ಮಾಡಿದ ಮೇಲೂ ಬೂಟ್ ಆಗುವಾಗ ನಾಲ್ಕು ಸಾಲು ಬರುತ್ತಿವೆ ಅಂದರೆ, ಅವು ಬೂಟ್‌ಲೋಡರಿನವು.

ಬಿಲ್ಡ್ ಆಯಿತು, ಬೋರ್ಡ್ ಒಪ್ಪುತ್ತಿಲ್ಲ

ಡಿವೈಸ್_ಈಸ್_ರೆಡಿ ಸುಳ್ಳು ಅಂತ ಹೇಳುತ್ತಿದ್ದರೆ ಡ್ರೈವರ್ ಬಂದಿದೆ, ಆದರೆ ಶುರುವಾಗುವಾಗ ಸೋತಿದೆ ಅಂತ. ಆಗ ತಾತ್ಕಾಲಿಕವಾಗಿ ಈ ಸಾಲುಗಳನ್ನು ಸೇರಿಸಿ:

ಕಾನ್ಫಿಗ್_ಲಾಗ್=ವೈ
ಕಾನ್ಫಿಗ್_ಲಾಗ್_ಮೋಡ್_ಇಮಿಡಿಯೇಟ್=ವೈ
ಕಾನ್ಫಿಗ್_ಸೆನ್ಸರ್_ಲಾಗ್_ಲೆವೆಲ್_ಡಿಬಿಜಿ=ವೈ
ಕಾನ್ಫಿಗ್_ಶೆಲ್=ವೈ
ಕಾನ್ಫಿಗ್_ಐ2ಸಿ_ಶೆಲ್=ವೈ

ಇಮಿಡಿಯೇಟ್ ಮೋಡ್ ಯಾಕೆ ಅಂದರೆ, ಮಾಮೂಲಿ ಡಿಫರ್ಡ್ ಮೋಡ್‌ನಲ್ಲಿ ಲಾಗ್ ಮೊದಲು ಬಫರಿಗೆ ಹೋಗಿ ಆಮೇಲೆ ಹೊರಗೆ ಬರುತ್ತದೆ. ನಡುವೆ ಬೋರ್ಡ್ ಸತ್ತರೆ ನಿಮಗೆ ಬೇಕಾಗಿದ್ದ ಕೊನೆಯ ಸಾಲೇ ಬಫರಿನಲ್ಲಿ ಉಳಿದುಬಿಡುತ್ತದೆ. ಸೀರಿಯಲ್ ಕನ್ಸೋಲಿನಲ್ಲಿ ಡಿವೈಸ್ ಲಿಸ್ಟ್ ಅಂತ ಕೊಟ್ಟರೆ ಯಾವ ಡಿವೈಸ್ ರೆಡಿ, ಯಾವುದು ಅಲ್ಲ ಅಂತ ಕಾಣುತ್ತದೆ. ಐ2ಸಿ ಸ್ಕ್ಯಾನ್ ಕೊಟ್ಟರೆ ಬಸ್ಸಿನಲ್ಲಿ ಯಾರು ಉತ್ತರಿಸುತ್ತಿದ್ದಾರೆ ಅಂತ ತಿಳಿಯುತ್ತದೆ. 76 ಅಂತ ಬರೆದು 77ರಲ್ಲಿ ಉತ್ತರ ಬರುತ್ತಿದ್ದರೆ ಓವರ್‌ಲೇಯಲ್ಲಿ ವಿಳಾಸ ತಿದ್ದಿ.

ತಾಪಮಾನ, ಒತ್ತಡ ಸರಿಯಾಗಿ ಬಂದು ತೇವಾಂಶ ಮಾತ್ರ ಬಾರದಿದ್ದರೆ ಕಾನ್ಫಿಗರೇಶನ್ ತಡಕಬೇಡಿ. ಚಿಪ್ ಐಡಿ ಓದಿ. ಬಿಎಂಇ280 ಆದರೆ ಹೆಕ್ಸ್ 60 ಬರಬೇಕು. 58 ಬಂದರೆ ನಿಮ್ಮ ಕೈಯಲ್ಲಿರುವುದು ಬಿಎಂಪಿ280, ಅದಕ್ಕೆ ತೇವಾಂಶ ಅಳೆಯಲು ಬರುವುದೇ ಇಲ್ಲ. ಝೆಫಿರ್‌ನ ಡ್ರೈವರ್ ಎರಡನ್ನೂ ಒಪ್ಪಿಕೊಳ್ಳುವುದರಿಂದ ಎರರ್ ಕೂಡ ಬರುವುದಿಲ್ಲ. ಅಗ್ಗದ ಮಾಡ್ಯೂಲುಗಳಲ್ಲಿ ಇದು ಸಾಮಾನ್ಯ.

ಬೆಲೆ ಇರಬೇಕಾದ ಕಡೆ ಪ್ರಿಂಟ್‌ಎಫ್ "ಸ್ಟಾರ್ ಫ್ಲೋಟ್ ಸ್ಟಾರ್" ಅಂತ ಬರೆಯುತ್ತಿದ್ದರೆ ಅದು ಪಿಕೋಲಿಬ್‌ಸಿ ಅನ್ನುವ ಸಿ ಲೈಬ್ರರಿಯ ಭಾಷೆ, ದಶಮಾಂಶ ಮುದ್ರಿಸುವ ಕೋಡ್ ಸೇರಿಲ್ಲ ಅಂತ. ಕಾನ್ಫಿಗ್_ಪಿಕೋಲಿಬ್‌ಸಿ_ಐಒ_ಫ್ಲೋಟ್ ಆನ್ ಮಾಡಿ. ಪ್ರಿಂಟ್‌ಕೆ ಮತ್ತು ಲಾಗ್‌ಗೆ ಬೇರೆಯದೇ ಆಪ್ಶನ್, ಕಾನ್ಫಿಗ್_ಸಿಬಿಪ್ರಿಂಟ್‌ಎಫ್_ಎಫ್‌ಪಿ_ಸಪೋರ್ಟ್. ಒಂದನ್ನು ಆನ್ ಮಾಡಿ ಇನ್ನೊಂದರಿಂದ ಮುದ್ರಿಸುತ್ತಾ ಕೂರಬೇಡಿ. ಹೀಗೆ ಆನ್ ಮಾಡಿದ ಮೇಲೆ ಬೋರ್ಡ್ "ಝೆಫಿರ್ ಫೇಟಲ್ ಎರರ್ 2: ಸ್ಟ್ಯಾಕ್ ಓವರ್‌ಫ್ಲೋ" ಅಂತ ಬಿದ್ದರೆ ಕಾನ್ಫಿಗ್_ಮೇನ್_ಸ್ಟ್ಯಾಕ್_ಸೈಜ್ ನೋಡಿ. ದಶಮಾಂಶ ಮುದ್ರಣ ಸ್ಟ್ಯಾಕನ್ನು ಚೆನ್ನಾಗಿಯೇ ತಿನ್ನುತ್ತದೆ. 2048 ಕೊಟ್ಟು ನೋಡಿ. ಎಷ್ಟು ನಿಜವಾಗಿ ಬೇಕು ಅಂತ ತಿಳಿಯಲು ಕಾನ್ಫಿಗ್_ಥ್ರೆಡ್_ಅನಲೈಸರ್ ಇದೆ. ಡೀಬಗ್ ಆಪ್ಟಿಮೈಸೇಶನ್ ಆನ್ ಇದ್ದಾಗ ಸ್ಟ್ಯಾಕೂ ಫ್ಲ್ಯಾಶೂ ಎರಡೂ ಜಾಸ್ತಿ ಬೇಕಾಗುತ್ತದೆ ಅನ್ನುವುದೂ ನೆನಪಿರಲಿ. ಫ್ಲ್ಯಾಶ್ ತುಂಬಿತು ಅಂತ ಲಿಂಕರ್ ಹೇಳಿದರೆ ವೆಸ್ಟ್ ಬಿಲ್ಡ್ -ಟಿ ರೋಮ್_ರಿಪೋರ್ಟ್ (ಆರ್‌ಎಎಂ ಅಲ್ಲ, ಆರ್‌ಒಎಂ) ಯಾವ ಭಾಗ ಎಷ್ಟು ತಿಂದಿದೆ ಅಂತ ಮರದ ಹಾಗೆ ಬಿಡಿಸಿ ತೋರಿಸುತ್ತದೆ. ಅದು ಓದಲು ಸುಲಭ, ಇಲ್ಲಿ ಬೆಳೆಸುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಸಿಗದಿದ್ದರೆ ಒಂದು ಕೆಲಸ ಮಾಡಿ. ಝೆಫಿರ್ ಜೊತೆಗೇ ಬರುವ ಬಿಎಂಇ280 ಸ್ಯಾಂಪಲ್ಲನ್ನು ಅದೇ ಬೋರ್ಡಿಗೆ, ಅದೇ ಓವರ್‌ಲೇ ಕೊಟ್ಟು, ಬೇರೆ ಫೋಲ್ಡರಿನಲ್ಲಿ ಬಿಲ್ಡ್ ಮಾಡಿ ಬೋರ್ಡಿಗೆ ಹಾಕಿ. ಅದು ಓಡಿದರೆ ಅದರ ಡಾಟ್ ಕಾನ್ಫಿಗ್ಗನ್ನೂ ನಿಮ್ಮದನ್ನೂ ಡಿಫ್ ಮಾಡಿ, ಝೆಫಿರ್.ಡಿಟಿಎಸ್‌ಗಳನ್ನೂ ಡಿಫ್ ಮಾಡಿ. ವ್ಯತ್ಯಾಸ ಕೆಲವೇ ಸಾಲು ಇರುತ್ತದೆ, ಒಂದೊಂದಾಗಿ ನಿಮ್ಮ ಪಿಆರ್‌ಜೆ.ಕಾನ್ಫ್‌ಗೆ ತಂದು ನೋಡಿ. ಸ್ಯಾಂಪಲ್ಲೂ ಓಡದಿದ್ದರೆ ತಂತಿ, ಪುಲ್‌ಅಪ್ ರೆಸಿಸ್ಟರ್, 3.3 ವೋಲ್ಟ್ ಇವನ್ನು ಮಲ್ಟಿಮೀಟರ್ ಹಿಡಿದು ನೋಡಿ. ಆಗ ಕೆಕಾನ್ಫಿಗ್ ಕಡೆ ಹುಡುಕಲು ಏನೂ ಉಳಿದಿಲ್ಲ.